ಇಂಡೊನೇಷ್ಯಾದ ಅಮ್ಮಂದಿರ ವಿಡಿಯೊ ಯಾರಾದರೂ ನೋಡುತ್ತೀರಾ? (ಅಡುಗೆ, ಮನೆ ಖರ್ಚು, ಲೈವ್ ಮಾರಾಟ ಎಲ್ಲಾ)

ಜಾವಾದ_ಕನ್ನಡತಿ (ಪುರ್ವಕರ್ತಾ, ಪಶ್ಚಿಮ ಜಾವಾ)

ಈ ವೇದಿಕೆಯಲ್ಲಿ ಕೊರಿಯನ್ ಧಾರಾವಾಹಿಗಳ ಚರ್ಚೆಗೆ ಬರವಿಲ್ಲ. ಇಂಡೊನೇಷ್ಯಾ ಅಂದರೆ ಮಾತ್ರ ಬಾಲಿ ಟ್ರಿಪ್‌ಗೆ ಎಷ್ಟು ಖರ್ಚಾಗುತ್ತದೆ ಅನ್ನುವುದು ಬಿಟ್ಟು ಬೇರೆ ಮಾತೇ ಇಲ್ಲ. ಅದಕ್ಕೇ ಇದನ್ನು ಶುರು ಮಾಡುತ್ತಿದ್ದೇನೆ.

ನಮ್ಮ ಮನೆಯವರು ಇಲ್ಲಿ ಬಟ್ಟೆ ಗಿರಣಿಯಲ್ಲಿದ್ದಾರೆ. ಜವಳಿ ಕೆಲಸಕ್ಕೆ ಬಂದ ಭಾರತದವರು ಈ ಕಡೆ ಸಾಕಷ್ಟು ಜನ ಇದ್ದಾರೆ. ಭಾಷೆ ಕಲಿಯೋಣ ಅಂತ ಇಲ್ಲಿನ ಗೃಹಿಣಿಯರ ಯೂಟ್ಯೂಬ್ ವಿಡಿಯೊ ನೋಡತೊಡಗಿದೆ. ಈಗ ಭಾಷೆ ಬರುತ್ತದೆ, ನೋಡುವುದು ಮಾತ್ರ ನಿಂತಿಲ್ಲ.

ಹೆಚ್ಚಿನವು ಒಂದೇ ಥರದ ಮನೆಯಲ್ಲಿ ನಡೆಯುತ್ತವೆ. ಸರ್ಕಾರದ ಸಬ್ಸಿಡಿ ಸಾಲದಲ್ಲಿ ಕೊಂಡ ಸಣ್ಣ ಮನೆ. 'ಟೈಪ್ 36' ಅನ್ನುತ್ತಾರೆ, ಅಂದರೆ 36 ಚದರ ಮೀಟರ್. ನಮ್ಮ ಊರಿನ ಲೆಕ್ಕದಲ್ಲಿ ನಾಲ್ಕು ಚದರಕ್ಕೂ ತುಸು ಕಡಿಮೆ. ಹಿಂದುಗಡೆ ಉಳಿದ ಜಾಗಕ್ಕೆ ಶೀಟ್ ಹಾಕಿಸಿ ಅಡುಗೆಮನೆ ಮಾಡಿಕೊಂಡಿರುತ್ತಾರೆ. ಎರಡು ಬರ್ನರಿನ ಒಲೆ, ಕೆಳಗೆ 3 ಕೆಜಿಯ ಹಸಿರು ಸಿಲಿಂಡರ್. ಅದಕ್ಕೆ ಇಲ್ಲಿ ಮೆಲನ್ (ಕರ್ಬೂಜ) ಅಂತಲೇ ಹೆಸರು. ಬೆಳಗಿನ ನಮಾಜ್ ಮುಗಿಸಿ ಅಮ್ಮ ಅಕ್ಕಿ ತೊಳೆದು ಕುಕ್ಕರ್‌ಗೆ ಹಾಕುತ್ತಾರೆ. ಆಮೇಲೆ ಕೋಬೆಕ್ ಎಳೆದುಕೊಳ್ಳುತ್ತಾರೆ. ಅದು ತಟ್ಟೆಯ ಆಕಾರದ ಕಲ್ಲು. ನಮ್ಮ ಹಾಗೆ ಕುಟ್ಟುವುದಿಲ್ಲ, ಗುಂಡನ್ನು ಹಿಂದೆ ಮುಂದೆ ಒತ್ತಿ ಉಜ್ಜುತ್ತಾರೆ. ಮೆಣಸಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಚೂರು ತೆರಾಸಿ (ಹುದುಗಿಸಿದ ಸೀಗಡಿ). ಐದು ನಿಮಿಷಕ್ಕೆ ಸಂಬಾಲ್ ರೆಡಿ.

ಇಷ್ಟಾದರೆ ಎಲ್ಲ ದೇಶದ ಅಡುಗೆ ವಿಡಿಯೊ ಇದ್ದಂಗೇ ಇತ್ತು. ಇಲ್ಲಿ ವಿಶೇಷ ಅಂದರೆ ಪರದೆ ಮೇಲೆ ಬೆಲೆ ಬರುತ್ತದೆ. ತೆಂಪೆ (ಹುದುಗಿಸಿದ ಸೋಯಾಕಾಳಿನ ಗಟ್ಟಿ) ಇಷ್ಟು, ಸೊಪ್ಪು ಇಷ್ಟು, ಅರ್ಧ ಕೆಜಿ ಮೊಟ್ಟೆ ಇಷ್ಟು. (ಇಲ್ಲಿ ಮೊಟ್ಟೆಯನ್ನು ತೂಗಿ ಮಾರುತ್ತಾರೆ.) ಕೊನೆಗೆ ಒಟ್ಟು. ಗಂಡ ಕೊಟ್ಟ ವಾರದ ದುಡ್ಡಿನಲ್ಲಿ ಉಳಿದದ್ದೆಷ್ಟು ಅನ್ನುವುದೂ ಬರುತ್ತದೆ. ನನ್ನ ಪ್ರಕಾರ ಈ ವಿಡಿಯೊಗಳಲ್ಲಿ ಅಡುಗೆ ಬರೀ ನೆಪ. ನಿಜವಾದ ಕಥೆ ದುಡ್ಡಿನದು. ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ ಅನ್ನುವ ಕಾರಣಕ್ಕೇ ಬೇರೆ ಅಮ್ಮಂದಿರು ನಂಬಿ ನೋಡುತ್ತಾರೆ. ನೀವೇನಂತೀರಿ?

ಒಲೆಮುಂದೆ (ಮೈಸೂರು)

ನೋಡುತ್ತೇನೆ ಅಕ್ಕ! ಭಾಷೆ ಬರಲ್ಲ, ತಾನಾಗಿ ಬರುವ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತೇನೆ. ಫ್ರಿಜ್‌ನಲ್ಲಿ ವಾರದ ತರಕಾರಿ ಹೆಚ್ಚಿ ಡಬ್ಬಿಗಳಲ್ಲಿ ತುಂಬಿಡುವ ವಿಡಿಯೊ ಇದೆಯಲ್ಲ, ಅದು ನನಗೆ ನಿದ್ದೆ ಮಾತ್ರೆ. ಅವರ ಟಿಕ್‌ಟಾಕ್ ನಮಗೆ ಸಿಗಲ್ಲ, 2020 ರ ಜೂನ್‌ನಲ್ಲೇ ಇಲ್ಲಿ ಬಂದ್ ಆಯ್ತು. ಆದರೆ ಅಲ್ಲಿಯದೇ ತುಣುಕುಗಳು ಯೂಟ್ಯೂಬ್ ಶಾರ್ಟ್ಸ್‌ಗೆ, ರೀಲ್ಸ್‌ಗೆ ಬಂದು ಬೀಳುತ್ತವೆ.

ಹುಬ್ಳಿ_ಗಿರಮಿಟ್ (ಹುಬ್ಬಳ್ಳಿ)

ಅಲ್ರೀ, ಬೇರೆಯವರ ಮನೆ ಕಸ ಗುಡಿಸುವುದನ್ನು ಕೂತು ನೋಡುವುದು ಯಾವ ಮನರಂಜನೆ? ನಮ್ಮ ಮನೆಯಲ್ಲೇ ಬೇಕಾದಷ್ಟು ಕಸ ಬಿದ್ದಿದೆ.

ಒಲೆಮುಂದೆ

ಅದನ್ನು ಯಾರು ಗುಡಿಸುತ್ತಾರೆ ಅಂತ ಮೊದಲು ಹೇಳಿ ಸರ್ 😄

ಜಾವಾದ_ಕನ್ನಡತಿ

ಗಿರಮಿಟ್ ಅವರೇ, ಕಸ ಗುಡಿಸುವುದರಲ್ಲೂ ರಾಜಕೀಯ ಇದೆ. ಒಂದು ಉದಾಹರಣೆ ಕೊಡುತ್ತೇನೆ.

2022 ರ ಶುರುವಿನಲ್ಲಿ ಇಲ್ಲಿ ಅಡುಗೆ ಎಣ್ಣೆ ಸಿಗುತ್ತಿರಲಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಪಾಮ್ ಎಣ್ಣೆ ತೆಗೆಯುವ ದೇಶದಲ್ಲಿ ಎಣ್ಣೆ ಇಲ್ಲ! ಸರ್ಕಾರ ಲೀಟರ್‌ಗೆ 14,000 ರೂಪಿಯಾ (ಇಲ್ಲಿನ ದುಡ್ಡು) ಅಂತ ಬೆಲೆ ಕಟ್ಟಿತು. ಕಟ್ಟಿದ್ದೇ ತಡ, ಅಂಗಡಿಗಳ ಕಪಾಟು ಖಾಲಿ. ಮಾರ್ಚ್‌ನಲ್ಲಿ ಪ್ಯಾಕೆಟ್ ಎಣ್ಣೆಯ ಮೇಲಿನ ಮಿತಿ ತೆಗೆದರು. ಎಣ್ಣೆ ಕಪಾಟಿಗೆ ವಾಪಸ್ ಬಂತು, ಬೆಲೆ 20,000 ದಾಟಿತ್ತು. ಆ ದಿನಗಳ ವಿಡಿಯೊ ಹುಡುಕಿ ನೋಡಿ. ಸಾಲಿನಲ್ಲಿ ನಿಂತ ಹೆಂಗಸರು, ಒಬ್ಬರಿಗೆ ಎರಡೇ ಪ್ಯಾಕೆಟ್ ಅನ್ನುವ ಬೋರ್ಡ್, ಕಾಲ ಬಳಿ ಕೂತ ಮಕ್ಕಳು.

ಅದೇ ಮಾರ್ಚ್‌ನಲ್ಲಿ ಮಾಜಿ ಅಧ್ಯಕ್ಷೆ ಮೇಗಾವತಿ ಸುಕರ್ಣೊಪುತ್ರಿ ಒಂದು ಆನ್‌ಲೈನ್ ಸಭೆಯಲ್ಲಿ ಮಾತಾಡಿದರು. ಅಮ್ಮಂದಿರು ಎಣ್ಣೆಗೆ ಯಾಕೆ ಹೀಗೆ ಮುಗಿಬೀಳುತ್ತಾರೆ, ದಿನಾ ಕರಿಯಲೇಬೇಕಾ, ಬೇಯಿಸಲು ಹಬೆಯಲ್ಲಿಡಲು ಬರಲ್ವಾ ಅನ್ನುವ ಧಾಟಿ. ಸಾಕಲ್ಲ! ಅಮ್ಮಂದಿರು ಬಿಡುತ್ತಾರಾ? ಹಬೆಯಲ್ಲಿ ಬೇಯಿಸಿದ ಹಪ್ಪಳ, ನೀರಲ್ಲಿ ಕುದಿಸಿದ ಬಜ್ಜಿ ಅಂತ ತಮಾಷೆ ಶುರು. ಕೊನೆಗೆ ಅವರ ಪಕ್ಷದವರೇ ಎಣ್ಣೆ ಇಲ್ಲದ ಅಡುಗೆಯ ಪ್ರದರ್ಶನ ಇಟ್ಟರು.

ಆಮೇಲೆ ಏಪ್ರಿಲ್ 28 ರಿಂದ ಮೇ 23 ರವರೆಗೆ ಪಾಮ್ ಎಣ್ಣೆ ರಫ್ತನ್ನೇ ನಿಲ್ಲಿಸಿದರು. ಆಗ ನಿಮ್ಮ ಊರಲ್ಲೂ ಎಣ್ಣೆ ರೇಟ್ ಏರಿದ್ದು ನೆನಪಿದೆಯಾ? ಈ ಕಡೆಯ ಪಾಮ್ ಎಣ್ಣೆಗೆ ಭಾರತ ದೊಡ್ಡ ಗಿರಾಕಿ. ಸಾಲಿನಲ್ಲಿ ನಿಂತ ಆ ಅಮ್ಮನಿಗೂ ನಿಮ್ಮ ಓಣಿಯ ಮಿರ್ಚಿ ಬಂಡಿಗೂ ಸಂಬಂಧ ಇದೆ ರೀ.

ಹುಬ್ಳಿ_ಗಿರಮಿಟ್

ಮಿರ್ಚಿ ವಿಷಯಕ್ಕೆ ಬಂದರೆ ನಾನು ಸೀರಿಯಸ್ ಆಗುತ್ತೇನೆ. ಮುಂದುವರಿಸಿ.

ಲೆಕ್ಕದಪುಸ್ತಕ (ಬೆಂಗಳೂರು, ಬ್ಯಾಂಕ್ ನಿವೃತ್ತ)

ಬೆಲೆ ಹಾಕುತ್ತಾರೆ, ಸರಿ. ಲೆಕ್ಕ ಸರಿ ಇರುತ್ತದಾ? ಮಗಳು ಒಂದು ವಿಡಿಯೊ ಕಳಿಸಿದ್ದಳು. "ಹತ್ತು ಸಾವಿರ ಸರಿಯಾದ ಹೆಂಡತಿಯ ಕೈ ಸೇರಿದರೆ" ಅಂತ ಅದರ ತಲೆಬರಹ. ಹತ್ತು ಸಾವಿರ ರೂಪಿಯಾ ಅಂದರೆ ನಮ್ಮ ಐವತ್ತೈದು ರೂಪಾಯಿ ಆಸುಪಾಸು. ಅದರಲ್ಲಿ ಪಲ್ಯ, ತೆಂಪೆ, ಸಾರು ಎಲ್ಲಾ ಮಾಡಿ ಬಡಿಸಿದರು. ನಾನು ಪೆನ್ನು ಹಿಡಿದು ಕೂತೆ. ಅಕ್ಕಿ ಲೆಕ್ಕದಲ್ಲಿ ಇಲ್ಲ. ಎಣ್ಣೆ ಇಲ್ಲ. ಗ್ಯಾಸ್ ಇಲ್ಲ. ಉಪ್ಪು, ಮಸಾಲೆ "ಮನೆಯಲ್ಲೇ ಇತ್ತು". ಮನೆಯಲ್ಲಿ ಇದ್ದದ್ದು ಆಕಾಶದಿಂದ ಬಿತ್ತಾ? ಬ್ಯಾಂಕಿನಲ್ಲಿ ಹೀಗೆ ಲೆಕ್ಕ ಬರೆದಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಜಾವಾದ_ಕನ್ನಡತಿ

ಸರ್, ನೀವು ಹೇಳಿದ್ದನ್ನೇ ಇಲ್ಲಿನ ಅಮ್ಮಂದಿರೂ ಹೇಳಿದರು, ಇನ್ನೂ ಖಾರವಾಗಿ. ಆ ಟ್ರೆಂಡ್ ಬಂದಾಗ ಎರಡು ಬಣ ಆಯಿತು. ಒಂದು ಬಣ ಜಾಣ್ಮೆ ತೋರಿಸಲು ವಿಡಿಯೊ ಮಾಡಿತು. ಇನ್ನೊಂದು ಬಣ, "ನೀವು ಹೀಗೆ ಮಾಡಿ ತೋರಿಸಿದರೆ ನನ್ನ ಗಂಡ ನಾಳೆಯಿಂದ ನನಗೂ ಹತ್ತು ಸಾವಿರವೇ ಕೊಡುತ್ತಾನೆ" ಅಂತ ಜಗಳಕ್ಕೆ ನಿಂತಿತು. ನನ್ನ ಓಟು ಎರಡನೇ ಬಣಕ್ಕೆ.

ಒಳ್ಳೆಯ ಚಾನೆಲ್ ಗುರುತಿಸುವ ನನ್ನ ದಾರಿ ಇದು. ಮೆಣಸಿನಕಾಯಿ ರೇಟ್ ಏರಿದಾಗ ಆಕೆ ಏನು ಮಾಡುತ್ತಾರೆ ನೋಡಿ. ಕೆಲವು ತಿಂಗಳು ಇಲ್ಲಿ ಸಣ್ಣ ಮೆಣಸಿನಕಾಯಿ ಕೆಜಿಗೆ ಒಂದು ಲಕ್ಷ ರೂಪಿಯಾ ದಾಟುತ್ತದೆ. ನಿಜವಾದ ಖರ್ಚು ತೋರಿಸುವವರು ಆ ವಾರ ಸಂಬಾಲ್ ಕಡಿಮೆ ಮಾಡುತ್ತಾರೆ, ಬೈದುಕೊಳ್ಳುತ್ತಾರೆ. ಸುಳ್ಳು ಲೆಕ್ಕದವರ ತಟ್ಟೆಯಲ್ಲಿ ಮಾತ್ರ ಏನೂ ಬದಲಾಗಲ್ಲ. 2022 ರ ಫೆಬ್ರವರಿಯಲ್ಲಿ ಸೋಯಾ ರೇಟ್ ಏರಿ ತೆಂಪೆ ಮಾಡುವವರು ಮೂರು ದಿನ ಮುಷ್ಕರ ಮಾಡಿದಾಗಲೂ ಹಾಗೇ. ತೆಂಪೆ ಈ ಜನರದು, ಅದಕ್ಕೆ ಬೇಕಾದ ಸೋಯಾ ಹೆಚ್ಚಿನ ಪಾಲು ಅಮೆರಿಕದಿಂದ ಬರುತ್ತದೆ.

ಗ್ಯಾಸ್ ಕೇಳಿದಿರಿ. 2025 ರ ಫೆಬ್ರವರಿ 1 ರಿಂದ ಆ ಹಸಿರು ಸಿಲಿಂಡರನ್ನು ಓಣಿಯ ಚಿಲ್ಲರೆ ಅಂಗಡಿಯಲ್ಲಿ ಮಾರುವಂತಿಲ್ಲ, ಅಧಿಕೃತ ಡಿಪೊಗೇ ಹೋಗಬೇಕು ಅಂತ ನಿಯಮ ತಂದರು. ಊರೂರಲ್ಲಿ ಸಿಲಿಂಡರ್ ಹಿಡಿದ ಹೆಂಗಸರ ಸಾಲು. ಎಲ್ಲರ ಕೈಯಲ್ಲೂ ಫೋನ್. ನಾಲ್ಕೇ ದಿನದಲ್ಲಿ ಅಧ್ಯಕ್ಷರು ನಿಯಮ ಸಡಿಲಿಸಬೇಕಾಯಿತು.

ಎರಡುಮಕ್ಕಳತಾಯಿ (ಶಿವಮೊಗ್ಗ)

ನನಗೆ ಅಲ್ಲಿನ ಮಕ್ಕಳ ಊಟದ ವಿಡಿಯೊ ಇಷ್ಟ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ಕೊಡುವ ಊಟಕ್ಕೆ ಅವರು ಎಂಪಾಸಿ ಅನ್ನುತ್ತಾರಲ್ವಾ? ಕೋಳಿಯ ಲಿವರ್, ಅನ್ನ, ಒಂದು ಚಮಚ ತೆಂಗಿನಹಾಲು, ಕ್ಯಾರೆಟ್ ಎಲ್ಲ ಬೇಯಿಸಿ ಜರಡಿಯಲ್ಲಿ ಚಮಚದಿಂದ ಉಜ್ಜಿ ಇಳಿಸುತ್ತಾರೆ. ಜರಡಿಯ ಕೆಳಗೆ ಅಂಟಿದ್ದನ್ನೂ ಕೆರೆದು ತಟ್ಟೆಗೆ ಹಾಕುತ್ತಾರೆ. ಅಷ್ಟು ಶ್ರದ್ಧೆ! ಆಮೇಲೆ ಮಗು ಬಾಯಿ ಬಿಗಿಯಾಗಿ ಮುಚ್ಚಿ ಕೂರುತ್ತದೆ. ಅದಕ್ಕೂ ಒಂದು ಹೆಸರಿದೆ, "ಬಾಯಿ ಮುಚ್ಚುವ ಚಳವಳಿ". ನಮ್ಮ ಮನೆಯಲ್ಲಿ ಆ ಚಳವಳಿ ಎರಡು ಸಲ ನಡೆದಿದೆ.

ನಾವು ಸಸ್ಯಾಹಾರಿಗಳು, ರಾಗಿ ಸರಿ ಮೇಲೆ ಮಕ್ಕಳನ್ನು ಬೆಳೆಸಿದವರು. ಅಲ್ಲಿ ಯಾಕೆ ಪ್ರತಿ ತಟ್ಟೆಯಲ್ಲೂ ಮೊಟ್ಟೆ, ಮೀನು, ಲಿವರ್ ಇದ್ದೇ ಇರುತ್ತದೆ?

ಜಾವಾದ_ಕನ್ನಡತಿ

ಅದರ ಹಿಂದೆ ಸರ್ಕಾರದ ಒತ್ತಡ ಇದೆ ಎರಡುಮಕ್ಕಳತಾಯಿ ಅವರೇ. ಇಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ತುಂಬಾ. 2018 ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 30.8% ಇತ್ತು, 2022 ರಲ್ಲಿ 21.6% ಗೆ ಇಳಿಯಿತು. 2023 ರ ರಾಷ್ಟ್ರೀಯ ಪೌಷ್ಟಿಕ ದಿನದ ವಿಷಯವೇ ಪ್ರಾಣಿಜನ್ಯ ಪ್ರೋಟೀನ್. ಹಾಗಾಗಿ ಮೊಟ್ಟೆ ಮತ್ತು ಲೆಲೆ ಮೀನು ಎಲ್ಲ ಕಡೆ ಬಂತು. ದನದ ಮಾಂಸ ಎಲ್ಲರ ಕೈಗೆಟುಕಲ್ಲ. ಕೋಳಿ ಲಿವರ್ ಅಗ್ಗ, ಕಬ್ಬಿಣಾಂಶ ಚೆನ್ನಾಗಿದೆ.

ತಿಂಗಳಿಗೊಮ್ಮೆ ಪೋಸ್ಯಾಂಡು ಅಂತ ನಡೆಯುತ್ತದೆ. ಓಣಿಯ ಹೆಂಗಸರೇ ಸ್ವಯಂಸೇವಕರು. ಮಗುವನ್ನು ತೂಗಿ ಪುಸ್ತಕದ ಗೆರೆಯ ಮೇಲೆ ಚುಕ್ಕಿ ಇಡುತ್ತಾರೆ. ನಮ್ಮಲ್ಲಿ ಅಂಗನವಾಡಿ, ತಾಯಿ ಕಾರ್ಡ್ ಇದ್ದಂತೆ. ಆ ಚುಕ್ಕಿ ಕೆಳಗಿಳಿದರೆ ಅಮ್ಮನಿಗೆ ಆಗುವ ಅವಮಾನ ಇದೆಯಲ್ಲ, ಅರ್ಧ ವಿಡಿಯೊಗಳು ಅದರಿಂದಲೇ ಹುಟ್ಟಿವೆ. "ನಮ್ಮ ಮಗು ತೂಕ ಏರುತ್ತಿಲ್ಲ ಬುಂದಾ, ಏನು ಮಾಡಲಿ?" ಅನ್ನುವ ಕಾಮೆಂಟ್ ಇಲ್ಲದ ವಿಡಿಯೊ ಇಲ್ಲ. ಬುಂದಾ ಅಂದರೆ ಅಮ್ಮಾ ಅಂತ. ಅಲ್ಲಿ ಎಲ್ಲರೂ ಎಲ್ಲರಿಗೂ ಬುಂದಾ.

ದಾದಿ_ಕುಡ್ಲ (ಮಂಗಳೂರು)

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು, ಸ್ವಲ್ಪ ತಣ್ಣೀರು ಎರಚುತ್ತೇನೆ. ವಿಡಿಯೊ ನೋಡಿ ಮಗುವಿನ ಊಟ ನಿರ್ಧಾರ ಮಾಡಬೇಡಿ, ಯಾವ ದೇಶದ್ದಾದರೂ ಸರಿ. ಆ ಕಡೆ ನಟಿ ನಿಕಿತಾ ವಿಲಿ ಮಗುವಿನ ಕೈಗೇ ಊಟದ ತುಂಡು ಕೊಟ್ಟು ತಿನ್ನಲು ಬಿಡುವ ಪದ್ಧತಿಯನ್ನು ತೋರಿಸಿದಾಗ ಎಷ್ಟೋ ಅಮ್ಮಂದಿರು ಹಾಗೇ ಶುರು ಮಾಡಿದರು. ಪಕ್ಕದಲ್ಲಿ ಕಣ್ಣಿಟ್ಟು ಕೂರಲು ಜನ ಇದ್ದ ಮನೆಗೆ ಅದು ಸರಿ. ಒಂಟಿ ಅಮ್ಮ ಒಲೆ ಮುಂದೆ ನಿಂತಿರುವಾಗ ಮಗುವಿನ ಗಂಟಲಿಗೆ ತುಂಡು ಸಿಕ್ಕಿಕೊಂಡರೆ?

ಹಾಲಿನ ವಿಷಯ ಇನ್ನೂ ಮುಖ್ಯ. ಇಂಡೊನೇಷ್ಯಾದಲ್ಲಿ ಸಿಹಿ ಗಟ್ಟಿಹಾಲನ್ನು ವರ್ಷಗಟ್ಟಲೆ ಮಕ್ಕಳ ಹಾಲು ಅಂತಲೇ ಜಾಹೀರಾತಿನಲ್ಲಿ ತೋರಿಸಿದರು. ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ ಅದು! 2018 ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಬಿಪಿಒಎಂ, ಐದು ವರ್ಷದೊಳಗಿನ ಮಕ್ಕಳನ್ನು ಆ ಜಾಹೀರಾತಿನಲ್ಲಿ ತೋರಿಸುವಂತಿಲ್ಲ ಅಂತ ಹೇಳಬೇಕಾಯಿತು. 2024 ರ ಜುಲೈನಲ್ಲಿ ಬಂದ 28 ನೇ ಸಂಖ್ಯೆಯ ಸರ್ಕಾರಿ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಿಶುಗಳ ಡಬ್ಬಿ ಹಾಲಿಗೆ ರಿಯಾಯಿತಿ ಇಲ್ಲ, ಇನ್‌ಫ್ಲುಯೆನ್ಸರ್‌ಗಳು ಅದರ ಪ್ರಚಾರ ಮಾಡುವಂತಿಲ್ಲ. ನಮ್ಮಲ್ಲಿ ಡಬ್ಬಿ ಹಾಲಿನ ಪ್ರಚಾರಕ್ಕೆ 1992 ರಿಂದಲೇ ಕಾಯ್ದೆ ಇದೆ. ಆಗ ಇನ್‌ಫ್ಲುಯೆನ್ಸರ್ ಅನ್ನುವವರು ಇರಲಿಲ್ಲ ಅಷ್ಟೇ.

ಎರಡುಮಕ್ಕಳತಾಯಿ

ಸರಿ ಮೇಡಂ. ಆದರೆ ಡಾಕ್ಟರ್ ಹತ್ತಿರ ಹೋದರೆ ಮೂರು ನಿಮಿಷ ಸಿಗುತ್ತದೆ, ವಿಡಿಯೊದಲ್ಲಿ ಇಪ್ಪತ್ತು ನಿಮಿಷ. ಅಮ್ಮಂದಿರು ಎಲ್ಲಿಗೆ ಹೋಗುತ್ತಾರೆ ಹೇಳಿ.

ದಾದಿ_ಕುಡ್ಲ

ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ ಕೆಲವು ಮಕ್ಕಳ ವೈದ್ಯರೇ ಇನ್‌ಸ್ಟಾಗ್ರಾಮ್‌ಗೆ ಇಳಿದಿದ್ದಾರೆ. ಸುರಬಾಯಾದ ಡಾಕ್ಟರ್ ಮೇತಾ ಹನಿಂದಿತಾ ಅಂಥವರು. ನಮ್ಮಲ್ಲೂ ಕನ್ನಡದಲ್ಲಿ ಅಂಥವರು ಜಾಸ್ತಿ ಆಗಬೇಕು.

ಜವಳಿಬೀದಿ (ದಾವಣಗೆರೆ)

ನಾನು ಬಟ್ಟೆ ಅಂಗಡಿಯವನು, ನಮ್ಮ ಕಡೆಯಿಂದ ಒಂದು ಮಾತು. ಈ ಅಮ್ಮಂದಿರ ವಿಡಿಯೊಗಳಿಂದ ಪೆಟ್ಟು ತಿಂದವರು ಯಾರು ಅಂತ ಯಾರೂ ಕೇಳಲಿಲ್ಲ. ಜಕಾರ್ತಾದ ತನಾಹ್ ಅಬಾಂಗ್ ದೊಡ್ಡ ಬಟ್ಟೆ ಮಾರುಕಟ್ಟೆ. 2023 ರಲ್ಲಿ ಅಲ್ಲಿನ ವ್ಯಾಪಾರಿಗಳು ಗಿರಾಕಿ ಇಲ್ಲ ಅಂತ ಕೂಗಾಡಿದರು. ಜನ ಎಲ್ಲಿ ಅಂದರೆ ಟಿಕ್‌ಟಾಕ್ ಲೈವ್‌ನಲ್ಲಿ! ವಿಡಿಯೊದ ಕೆಳಗೆ ಹಳದಿ ಬುಟ್ಟಿ, ಒತ್ತಿದರೆ ಖರೀದಿ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಹೊಸ ನಿಯಮ ತಂದಿತು. ಸೋಶಿಯಲ್ ಮೀಡಿಯಾದಲ್ಲಿ ಸರಕು ತೋರಿಸಬಹುದು, ಅಲ್ಲೇ ದುಡ್ಡು ಕಟ್ಟಿಸಿಕೊಳ್ಳುವಂತಿಲ್ಲ. ಅಕ್ಟೋಬರ್ 4 ಕ್ಕೆ ಟಿಕ್‌ಟಾಕ್ ಶಾಪ್ ಬಾಗಿಲು ಹಾಕಿತು. ಡಿಸೆಂಬರ್ 12 ಕ್ಕೆ ವಾಪಸ್! ಹೇಗೆ? ಅಲ್ಲಿಯದೇ ಕಂಪನಿ ತೊಕೊಪೀಡಿಯಾದ 75.01% ಪಾಲು ಕೊಂಡು. ದುಡ್ಡಿದ್ದವನಿಗೆ ಹಿಂಬಾಗಿಲು ಇದ್ದೇ ಇರುತ್ತದೆ.

ನಮ್ಮಲ್ಲೂ ಮನೆಯಲ್ಲೇ ಕೂತು ಫೇಸ್‌ಬುಕ್ ಲೈವ್‌ನಲ್ಲಿ ಸೀರೆ ಮಾರುವ ಅಕ್ಕಂದಿರು ಇದ್ದಾರೆ. ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ನನಗಿಂತ ನೂರು ರೂಪಾಯಿ ಕಡಿಮೆಗೆ ಕೊಡುತ್ತಾರೆ.

ಒಲೆಮುಂದೆ

ಆ ಅಕ್ಕಂದಿರಿಗೆ ನಿಮ್ಮ ಬೀದಿಯಲ್ಲಿ ಅಂಗಡಿ ಹಾಕುವಷ್ಟು ಅಡ್ವಾನ್ಸ್ ಕೊಡುವವರು ಯಾರು ಅಣ್ಣ? ಮನೆ ಬಿಟ್ಟು ಹೊರಗೆ ದುಡಿಯಲು ಆಗದವಳು ಮನೆಯಿಂದಲೇ ಮಾರುತ್ತಾಳೆ.

ಜವಳಿಬೀದಿ

ಮಾರಲಿ ತಂಗಿ, ನಾನು ಬೇಡ ಅನ್ನಲಿಲ್ಲ. ಪೆಟ್ಟು ಬಿದ್ದಿದ್ದು ಬಿದ್ದಿದೆ ಅಂದೆ ಅಷ್ಟೇ.

ಜಾವಾದ_ಕನ್ನಡತಿ

ಈ ಹಳದಿ ಬುಟ್ಟಿಯೇ ನನ್ನ ದೊಡ್ಡ ತಕರಾರು. ಬುಟ್ಟಿ ಬರುವ ಮುಂಚೆ ಅಮ್ಮ ತನ್ನ ಹಳೇ ಡಬ್ಬಿಯಲ್ಲಿ ಬೆಳ್ಳುಳ್ಳಿ ಇಡುತ್ತಿದ್ದರು. ಈಗ ಅದೇ ಅಮ್ಮನ ಅಡುಗೆಮನೆಯಲ್ಲಿ ಪ್ರತಿ ವಾರ ಹೊಸ ಡಬ್ಬಿ, ಹೊಸ ತರಕಾರಿ ಕಟರ್, ಗೋಡೆಗೆ ಅಂಟಿಸುವ ಹೊಸ ಹಾಳೆ. ಕೆಳಗೆ ಲಿಂಕ್, ಕೊಂಡರೆ ಆಕೆಗೆ ಕಮಿಷನ್. ತಲೆಬರಹದಲ್ಲಿ ಮಾತ್ರ ಉಳಿತಾಯ ಅಂತಲೇ ಇರುತ್ತದೆ! ಖರ್ಚು ಕಡಿಮೆ ಮಾಡುವುದನ್ನು ಹೇಳಿಕೊಡುತ್ತಾ ಖರ್ಚು ಮಾಡಿಸುವುದು. ಆ ಡಬ್ಬಿಯ ಬೆಲೆ ವಾರದ ಲೆಕ್ಕದಲ್ಲಿ ಬರುವುದಿಲ್ಲ, ಗಮನಿಸಿ.

ಆದರೂ ಬೈಯಲು ಬಾಯಿ ಬರಲ್ಲ. ಪಕ್ಕದ ಓಣಿಯ ಒಬ್ಬರು ಮಕ್ಕಳು ಮಲಗಿದ ಮೇಲೆ ಲೈವ್ ಶುರು ಮಾಡುತ್ತಾರೆ. ಮುಂದೆ ರಿಂಗ್ ಲೈಟ್, ಹಿಂದೆ ಹಗ್ಗದ ಮೇಲೆ ನೇತುಹಾಕಿದ ಹಿಜಾಬ್‌ಗಳು. ಎರಡು ಗಂಟೆ ಒಂದೇ ಉಸಿರಿನಲ್ಲಿ ಮಾತು. ನೋಡುವವರು ಒಮ್ಮೊಮ್ಮೆ ಹತ್ತೂ ಇರಲ್ಲ. ಫ್ಯಾನ್ ಹಾಕಿದರೆ ಸದ್ದು ಬರುತ್ತದೆ ಅಂತ ಆ ಸೆಕೆಯಲ್ಲಿ ಫ್ಯಾನ್ ಆರಿಸಿ ಕೂರುತ್ತಾರೆ. ಅದೇ ದುಡ್ಡಲ್ಲಿ ಮಗಳ ಶಾಲೆ ಫೀಸು, ಅರಿಸಾನ್ ಕಂತು. ಅರಿಸಾನ್ ನಮ್ಮ ಚೀಟಿಯೇ. ತಿಂಗಳಿಗೊಮ್ಮೆ ಸೇರಿ ದುಡ್ಡು ಹಾಕಿ ಹೆಸರು ಎತ್ತುತ್ತಾರೆ. ಈಗ ಅದರ ವಿಡಿಯೊನೂ ಬರುತ್ತದೆ, ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು.

ಮುಖದ ಕ್ರೀಮ್ ಮಾರುವ ಲೈವ್‌ಗಳಿಂದ ಮಾತ್ರ ದೂರ ಇರಿ. ವಾರದಲ್ಲಿ ಬೆಳ್ಳಗಾಗುತ್ತೀರಿ ಅನ್ನುವ ಕ್ರೀಮ್‌ಗಳಲ್ಲಿ ಪಾದರಸ, ಹೈಡ್ರೋಕ್ವಿನೋನ್ ಸಿಕ್ಕಿದ್ದನ್ನು ಬಿಪಿಒಎಂ ಮತ್ತೆ ಮತ್ತೆ ಹೇಳಿದೆ. ಇಲ್ಲಿ ಪ್ಯಾಕ್ ಮೇಲಿನ ನಂಬರನ್ನು ಅವರ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಒಂದು ಲೈವ್‌ನಲ್ಲಿ ಕೊಂಡ ಕ್ರೀಮ್‌ನಿಂದ ನನ್ನ ಗೆಳತಿಯ ಕೆನ್ನೆ ಸುಟ್ಟಂತಾಗಿ ತಿಂಗಳುಗಟ್ಟಲೆ ಮುಖ ಮುಚ್ಚಿಕೊಂಡು ಓಡಾಡಿದರು. ಮಾರಿದವರ ಖಾತೆ ಅಷ್ಟರಲ್ಲಿ ಮಾಯ.

ಲೆಕ್ಕದಪುಸ್ತಕ

ಡಬ್ಬಿಯ ಬೆಲೆ ಲೆಕ್ಕಕ್ಕೆ ಬರಲ್ಲ ಅಂದಿರಲ್ಲ, ಅದು ಸರಿಯಾದ ಆಡಿಟ್. 👏

ಮಲ್ನಾಡ್_ಮಳೆ (ಸಾಗರ)

ನನ್ನ ಪ್ರಶ್ನೆ ಬೇರೆ. ಮಕ್ಕಳು. ಅಮ್ಮ ತನ್ನ ಅಡುಗೆ ತೋರಿಸಲಿ, ಮನೆ ತೋರಿಸಲಿ. ಮಗು ಅಳುವುದು, ಮಗುವಿಗೆ ಸ್ನಾನ ಮಾಡಿಸುವುದು, ಮಗು ಹಟ ಮಾಡಿ ನೆಲದ ಮೇಲೆ ಹೊರಳುವುದು ಇವೆಲ್ಲ ಯಾಕೆ ಬೇಕು? ಆ ಮಗು ಹೈಸ್ಕೂಲಿಗೆ ಹೋದಾಗ ಕ್ಲಾಸಿನವರೆಲ್ಲ ನೋಡುತ್ತಾರೆ.

ಜಾವಾದ_ಕನ್ನಡತಿ

ಒಪ್ಪುತ್ತೇನೆ. ಇದಕ್ಕೆ ದಾರಿ ಹಾಕಿಕೊಟ್ಟವರು ತಾರೆಯರು. ರಾಫಿ ಅಹ್ಮದ್, ನಗಿತಾ ಸ್ಲಾವಿನಾ ದಂಪತಿ 2015 ರಲ್ಲಿ ತಮ್ಮ ಕುಟುಂಬದ ಚಾನೆಲ್ ಶುರು ಮಾಡಿದರು. ಮಗ ಇಡೀ ದೇಶದ ಕಣ್ಣೆದುರೇ ಬೆಳೆದ. ಅವರ ರಾನ್ಸ್ ಕಂಪನಿ ಮುಂದೆ ಫುಟ್‌ಬಾಲ್ ತಂಡವನ್ನೇ ಕೊಂಡಿತು. ರಾಫಿ 2024 ರಲ್ಲಿ ಅಧ್ಯಕ್ಷರ ವಿಶೇಷ ದೂತರೂ ಆದರು. ಅದನ್ನು ನೋಡಿದ ಸಾಮಾನ್ಯ ಅಮ್ಮನಿಗೆ, ತನ್ನ ಮಗುವಿನ ಮುಖವೂ ಮನೆ ಸಾಲ ತೀರಿಸಬಹುದು ಅನ್ನಿಸಿದರೆ ಆಶ್ಚರ್ಯ ಏನು? ತಾರೆಯ ಮನೆಯಲ್ಲಿ ದಾದಿಯರು, ಕಾವಲುಗಾರರು ಇದ್ದಾರೆ. ಟೈಪ್ 36 ಮನೆಯ ಬಾಗಿಲು ನೇರ ಬೀದಿಗೆ.

2025 ರ ಮಾರ್ಚ್‌ನಲ್ಲಿ ಆನ್‌ಲೈನ್‌ನಲ್ಲಿ ಮಕ್ಕಳ ರಕ್ಷಣೆಗೆ ಅಂತ ಹೊಸ ನಿಯಮ ಬಂತು, ಪೆಪೆ ತುನಾಸ್ ಅನ್ನುತ್ತಾರೆ. ಮಕ್ಕಳ ವಯಸ್ಸು ನೋಡಿ ಖಾತೆಗೆ ಮಿತಿ ಹಾಕುವ ಹೊಣೆ ಕಂಪನಿಗಳದ್ದು. ಮಗು ಸ್ವಂತ ಖಾತೆ ತೆರೆಯುವುದನ್ನು ಅದು ನೋಡಿಕೊಳ್ಳಬಹುದು. ಅಮ್ಮನ ಖಾತೆಯಲ್ಲಿ ಮಗು ಕಾಣಿಸಿಕೊಂಡರೆ ಯಾರು ಕೇಳುತ್ತಾರೆ?

ಕೆಲವರು ಮಗುವಿನ ಮುಖದ ಮೇಲೆ ಸ್ಟಿಕ್ಕರ್ ಹಾಕುತ್ತಾರೆ. ಬರೀ ಕೈ ಮತ್ತು ತಟ್ಟೆ ತೋರಿಸುವವರೂ ಇದ್ದಾರೆ. ನಾನು ಅಂಥವರನ್ನೇ ಹುಡುಕಿ ಸಬ್‌ಸ್ಕ್ರೈಬ್ ಆಗುತ್ತೇನೆ.

ಕೌಲೂನ್_ಕನ್ನಡಿಗ (ಹಾಂಗ್‌ಕಾಂಗ್)

ಇಲ್ಲಿ ಇನ್ನೊಂದು ಬಗೆಯ ಅಮ್ಮಂದಿರು ಇದ್ದಾರೆ. ಮನೆಗೆಲಸಕ್ಕೆ ಬಂದ ಇಂಡೊನೇಷ್ಯಾದವರು. ಪೊನೊರೊಗೊ, ಬ್ಲಿತಾರ್, ಚಿಲಾಚಾಪ್ ಅಂಥ ಊರುಗಳಿಂದ ಬಂದವರೇ ಜಾಸ್ತಿ. ಕಾನೂನಿನ ಪ್ರಕಾರ ಮಾಲೀಕರ ಮನೆಯಲ್ಲೇ ವಾಸ ಮಾಡಬೇಕು. ಹೆಚ್ಚಿನವರಿಗೆ ಭಾನುವಾರ ರಜೆ. ಆ ದಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಚಾಪೆ ಹಾಸಿ ಕೂರುತ್ತಾರೆ, ನೂರಾರು ಗುಂಪು. ಒಬ್ಬರು ಬಕ್ಸೊ (ಮಾಂಸದುಂಡೆ ಸೂಪ್) ತಿನ್ನುವುದನ್ನು ಚಿತ್ರಿಸುತ್ತಾರೆ, ಇನ್ನೊಬ್ಬರು ಡಾನ್ಸ್, ಮತ್ತೊಬ್ಬರು ಫೋನ್‌ಗೆ ಲೈವ್ ಹಾಡು.

ಇವರ ಸ್ವಂತ ಮಕ್ಕಳು ಅಜ್ಜಿಯ ಹತ್ತಿರ ಊರಲ್ಲಿ. ಬೇರೆಯವರ ಮಗುವಿಗೆ ಊಟ ಮಾಡಿಸುತ್ತಾ ದುಡಿದು ಊರಲ್ಲಿ ಮನೆ ಕಟ್ಟಿಸುತ್ತಾರೆ. ಅಡಿಪಾಯದಿಂದ ಹೆಂಚಿನವರೆಗೆ ಮನೆ ಎದ್ದ ವಿಡಿಯೊ ಇವರಲ್ಲಿ ತುಂಬಾ ಜನಪ್ರಿಯ. ಊರಿನಿಂದ ತಮ್ಮನೋ ಅಪ್ಪನೋ ಕಳಿಸಿದ ತುಣುಕುಗಳನ್ನು ಜೋಡಿಸಿ ಹಾಕುತ್ತಾರೆ. ಕೆಳಗೆ ಬೇರೆ ಕೆಲಸದವರು ಸಿಮೆಂಟ್ ಎಷ್ಟು, ಕೂಲಿ ಎಷ್ಟು ಅಂತ ಕೇಳುತ್ತಾರೆ. ಕನ್ನಡತಿ ಹೇಳಿದ ಮಾತು ಇಲ್ಲೂ ನಿಜ, ಮನೆಗಿಂತ ಲೆಕ್ಕವೇ ಮುಖ್ಯ.

ಮಲ್ನಾಡ್_ಮಳೆ

ಇದನ್ನು ಓದಿ ಯಾಕೋ ಸಂಕಟ ಆಯಿತು. ಆ ಮನೆಯಲ್ಲಿ ಆಕೆ ಯಾವಾಗ ಇರುತ್ತಾರೆ?

ಕೌಲೂನ್_ಕನ್ನಡಿಗ

ಎರಡು ವರ್ಷದ ಕಾಂಟ್ರ್ಯಾಕ್ಟ್ ಮುಗಿದಾಗ ಊರಿಗೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಕೆಲವರು ಊರಿಗೆ ಮರಳಿದ ಮೇಲೂ ಚಾನೆಲ್ ಮುಂದುವರಿಸಿ ಅಂಗಡಿ ಇಟ್ಟಿದ್ದಾರೆ.

ಹುಬ್ಳಿ_ಗಿರಮಿಟ್

ಬರೀ ಖರ್ಚು, ಸಾಲ, ಸಂಕಟ. ನಗು ಎಲ್ಲಿದೆ ರೀ? ಇದು ಯಾವ ಮನರಂಜನೆ ಅಂತ ನಾನು ಮೊದಲೇ ಕೇಳಿದ್ದೆ.

ಜಾವಾದ_ಕನ್ನಡತಿ

ಬೇಕಾದಷ್ಟಿದೆ. ಸ್ಕೂಟರ್ ಓಡಿಸುವ ಅಮ್ಮ ಎಡಗಡೆ ಇಂಡಿಕೇಟರ್ ಹಾಕಿ ಬಲಗಡೆ ತಿರುಗುವುದು ಇಲ್ಲಿನ ರಾಷ್ಟ್ರೀಯ ಜೋಕು. ಅಮ್ಮಂದಿರೇ ಅದನ್ನು ಮಾಡಿ ತೋರಿಸಿ ನಗಿಸುತ್ತಾರೆ. ಗುಂಪು ಏರೋಬಿಕ್ಸ್ ವಿಡಿಯೊ ನೋಡಿ. ಬೆಳಗ್ಗೆ ಮೈದಾನದಲ್ಲಿ ನೂರು ಜನ ಅಮ್ಮಂದಿರು ಬಣ್ಣದ ಟೀ ಶರ್ಟ್ ಹಾಕಿ ಪೊಚೊ-ಪೊಚೊ ಕುಣಿಯುತ್ತಾರೆ. 2018 ರ ಆಗಸ್ಟ್‌ನಲ್ಲಿ ಜಕಾರ್ತಾದಲ್ಲಿ 65,000 ಜನ ಒಟ್ಟಿಗೆ ಅದನ್ನು ಕುಣಿದು ಗಿನ್ನೆಸ್ ದಾಖಲೆ ಮಾಡಿದ್ದರು.

2020 ರ ಆಗಸ್ಟ್‌ನಲ್ಲಿ ಯೂಟ್ಯೂಬ್‌ಗೆ ಬಂದ 'ತಿಲಿಕ್' ಕಿರುಚಿತ್ರವನ್ನೂ ನೋಡಿ. ಅಮ್ಮಂದಿರು ಮಾಡಿದ್ದಲ್ಲ, ಆದರೆ ಅಮ್ಮಂದಿರದೇ ಕಥೆ. ಆಸ್ಪತ್ರೆಯಲ್ಲಿರುವ ಊರ ಮುಖ್ಯಸ್ಥೆಯನ್ನು ನೋಡಲು ಹಳ್ಳಿ ಹೆಂಗಸರು ಲಾರಿ ಏರಿ ಹೊರಡುತ್ತಾರೆ. ದಾರಿಯುದ್ದಕ್ಕೂ ಒಬ್ಬ ಹುಡುಗಿಯ ಬಗ್ಗೆ ಚಾಡಿ ಮಾತು. ಬು ತೆಜೊ ಅನ್ನುವ ಪಾತ್ರ ರಾತ್ರೋರಾತ್ರಿ ವಾಟ್ಸಾಪ್ ಸ್ಟಿಕ್ಕರ್ ಆಯಿತು. ಮಾತು ಜಾವಾನೀಸ್, ಸಬ್‌ಟೈಟಲ್ ಇದೆ. ಆ ಲಾರಿಯಲ್ಲಿ ನಮ್ಮೂರಿನ ಯಾರನ್ನು ಕೂರಿಸಿದರೂ ಹೊಂದುತ್ತಾರೆ.

ಒಲೆಮುಂದೆ

ಅಲ್ಲಿನ ಅಮ್ಮಂದಿರಿಗೆ ನಮ್ಮ ಮಹಾಭಾರತ ಸೀರಿಯಲ್ ಹುಚ್ಚು ಅಂತ ಕೇಳಿದ್ದೆ, ನಿಜಾನಾ?

ಜಾವಾದ_ಕನ್ನಡತಿ

ನಿಜ. 2014 ರಲ್ಲಿ ಎಎನ್‌ಟಿವಿಯಲ್ಲಿ ಬಂತು. ಅರ್ಜುನನ ಪಾತ್ರ ಮಾಡಿದ ಶಹೀರ್ ಶೇಖ್ ಇಲ್ಲಿ ದೊಡ್ಡ ಸ್ಟಾರ್ ಆಗಿ ಇಲ್ಲಿಯದೇ ಧಾರಾವಾಹಿಗಳಲ್ಲೂ ನಟಿಸಿದರು. ತರಕಾರಿ ಗಾಡಿಯ ಮುಂದೆ ನಾನು ಭಾರತದವಳು ಅಂತ ಗೊತ್ತಾದರೆ ಮೊದಲ ಪ್ರಶ್ನೆ ಅರ್ಜುನನ ಬಗ್ಗೆ, ಎರಡನೆಯದು ಬೇಳೆ ಸಾರಿನ ಬಗ್ಗೆ.

ಗಿರಮಿಟ್ ಅವರೇ, ನೀವು ನಸಿದಾ ರಿಯಾ ಕೇಳಿ. ಸೆಮರಾಂಗ್‌ನ ಹೆಣ್ಣುಮಕ್ಕಳ ಕಸಿದಾ (ಇಸ್ಲಾಮಿ ಧಾರ್ಮಿಕ ಹಾಡು) ತಂಡ, 1975 ರಿಂದ ಇದೆ. ಮದುವೆ ಮನೆ, ಅಮ್ಮಂದಿರ ಧಾರ್ಮಿಕ ಸಭೆಗಳಲ್ಲಿ ಹಾಡುತ್ತಿದ್ದವರು. ಹಿಜಾಬ್ ಧರಿಸಿ ಬಾಸ್ ಗಿಟಾರ್, ಪಿಟೀಲು, ಕೀಬೋರ್ಡ್ ನುಡಿಸುತ್ತಾರೆ. ಶಾಂತಿ, ಪ್ರಕೃತಿ, ನ್ಯಾಯದ ಮೇಲೆ ಹಾಡು. ಹಳೆಯ ಹಾಡುಗಳು ಯೂಟ್ಯೂಬ್‌ನಲ್ಲಿ ಹೊಸ ಹುಡುಗರ ಕಿವಿಗೆ ಬಿದ್ದವು. 2022 ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಡಾಕ್ಯುಮೆಂಟಾ ಕಲಾಮೇಳದಲ್ಲೂ ಹಾಡಿದರು.

ಹುಬ್ಳಿ_ಗಿರಮಿಟ್

ಕೇಳಿದೆ. ಬಾಸ್ ಗಿಟಾರ್ ನುಡಿಸುವ ಅಮ್ಮನಿಗೆ ನನ್ನ ಸಲಾಂ. ಕಸ ಗುಡಿಸುವ ವಿಡಿಯೊ ಮಾತ್ರ ಈಗಲೂ ನೋಡಲ್ಲ.

ಎರಡುಮಕ್ಕಳತಾಯಿ

ಅಕ್ಕ, ಹುಡುಕಲು ಏನು ಟೈಪ್ ಮಾಡಬೇಕು? "ಇಂಡೊನೇಷ್ಯಾ ಅಮ್ಮ" ಅಂತ ಹಾಕಿದರೆ ಪ್ರವಾಸದ ವಿಡಿಯೊ ಬರುತ್ತದೆ.

ಜಾವಾದ_ಕನ್ನಡತಿ

ಇಲ್ಲಿನ ಭಾಷೆಗೆ ಇಂಗ್ಲಿಷ್ ಅಕ್ಷರವೇ, ಕೇಳಿದ ಹಾಗೆ ಟೈಪ್ ಮಾಡಿದರೂ ಸಿಗುತ್ತದೆ. ಮನೆ ಖರ್ಚಿಗೆ "ಬೆಲಾಂಜಾ ಮಿಂಗುವಾನ್". ಕಡಿಮೆ ಖರ್ಚಿನ ಅಡುಗೆಗೆ "ಮಾಸಾಕ್ ಹೆಮಾತ್". ಸಣ್ಣ ಮನೆ ಜೋಡಿಸುವುದಕ್ಕೆ "ರುಮಾಹ್ ಸುಬ್ಸಿದಿ". ಶುದ್ಧ ಅಡುಗೆ ಕಲಿಯಬೇಕಿದ್ದರೆ ದೆವಿನಾ ಹೆರ್ಮಾವಾನ್ ಚಾನೆಲ್ ಸಾಕು, ಅಳತೆ ಸರಿಯಾಗಿ ಹೇಳುತ್ತಾರೆ. ರಂಜಾನ್ ತಿಂಗಳಲ್ಲಿ ಸಂಜೆ ಹೊತ್ತಿನ ತಿಂಡಿಗಳ ವಿಡಿಯೊ ಸುರಿಮಳೆ, ಆಗ ಶುರು ಮಾಡಿದರೆ ಇನ್ನೂ ಒಳ್ಳೆಯದು.

ಒಲೆಮುಂದೆ

ತೆಂಪೆ ಮನೆಯಲ್ಲೇ ಮಾಡಬಹುದಾ? ಸೋಯಾ ಬದಲು ಅವರೆಕಾಳು ಆಗುತ್ತಾ?

ಜಾವಾದ_ಕನ್ನಡತಿ

ಬೇರೆ ಕಾಳಿನಲ್ಲೂ ಮಾಡುತ್ತಾರೆ. ಕಾಳು ನೆನೆಸಿ, ಸಿಪ್ಪೆ ತೆಗೆದು, ಬೇಯಿಸಿ, ನೀರು ಪೂರ್ತಿ ಆರಿಸಿ. ತೆಂಪೆ ಹೆಪ್ಪು ಬೆರೆಸಿ ತೂತು ಮಾಡಿದ ಪ್ಲಾಸ್ಟಿಕ್ ಕವರ್‌ಗೋ ಬಾಳೆಎಲೆಗೋ ತುಂಬಿ ಒಂದೂವರೆ ಎರಡು ದಿನ ಬೆಚ್ಚಗೆ ಇಡಿ. ಬಿಳಿ ಬೂಷ್ಟು ಕಟ್ಟಿ ಗಟ್ಟಿಯಾದರೆ ಆಯಿತು. ಹೆಪ್ಪಿನ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇದುಕಿದ ಅವರೆಬೇಳೆಯಲ್ಲಿ ಮಾಡಿ ನೋಡಿ, ಸಿಪ್ಪೆ ತೆಗೆಯುವ ಕೆಲಸ ಮುಗಿದೇ ಇರುತ್ತದೆ. ಆದದ್ದನ್ನು ಇಲ್ಲೇ ಫೋಟೊ ಹಾಕಿ.

ಲೆಕ್ಕದಪುಸ್ತಕ

ಖರ್ಚಿನ ವಿವರದ ಜೊತೆ ಹಾಕಿ. ಗ್ಯಾಸ್ ಸೇರಿಸಿ.